ಅವಳು ಬಂದಾಗ ತಿರುಗದ ಮಾತು

ಆ ಸದ್ದು ನನಗೆ ಇಷ್ಟವಾಗಿತ್ತು. ಇದನ್ನು ಮೊದಲೇ ಹೇಳಿಬಿಡಬೇಕು. ಆಮೇಲಿನದ್ದೆಲ್ಲ ಗೊತ್ತಾದ ಮೇಲೆ, ನನಗೆ ಮೊದಲಿನಿಂದಲೂ ಏನೋ ಅನುಮಾನವಿತ್ತು ಎಂದು ನಂಬುವ ಆಸೆಯಾಗುತ್ತದೆ. ಇರಲಿಲ್ಲ. ಮಡಿಕೇರಿಯ ನಮ್ಮ ಶಾಲೆಯಲ್ಲಿ ಊಟದ ಬಿಡುವು ಮುಗಿಯುವ ಹೊತ್ತಿಗೆ ಕಾರಿಡಾರಿನಲ್ಲಿ ನಡೆದು ಬಂದರೆ, ಕೊನೆಯ ಕೋಣೆಯಿಂದ, ಒಂಬತ್ತನೇ ತರಗತಿಯಿಂದ, ಮಾತು ತೇಲಿ ಬರುತ್ತಿತ್ತು. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತಮಿಳು, ತುಳು, ಉರ್ದು, ಎಲ್ಲ ಒಂದರ ಮೇಲೊಂದು ಹರಿದು, ಯಾವುದು ಯಾರದೆಂದು ತಿಳಿಯದ ಹಾಗೆ. ಕಿಟಕಿಯ ಹೊರಗೆ ಮಂಜು. ನಾನು ಅವರಿಗೆ ಕನ್ನಡ ಕಲಿಸುವವಳು. ಪುಸ್ತಕ ಎದೆಗೆ ಒತ್ತಿಕೊಂಡು ಬಾಗಿಲಿಗೆ ನಾಲ್ಕು ಹೆಜ್ಜೆ ದೂರದಲ್ಲೇ ನಿಂತು ಕೇಳುತ್ತಿದ್ದೆ. ಒಳಗೆ ಹೋದರೆ ಅದು ನಿಂತುಹೋಗುತ್ತಿತ್ತು.

ನನ್ನ ನೆನಪಿನಲ್ಲಿ ಆ ವರ್ಷವಿಡೀ ಮಂಜೇ ಇದೆ. ನಡುನಡುವೆ ಬಿಸಿಲು ಬಂದಿರಲೇಬೇಕು. ಮಕ್ಕಳು ಮೈದಾನದಲ್ಲಿ ಹಾಕಿ ಆಡಿದ ಫೋಟೊ ನನ್ನ ಫೋನಿನಲ್ಲೇ ಇದೆ, ಒಬ್ಬೊಬ್ಬರ ನೆರಳೂ ಕರ್ರಗೆ ಬಿದ್ದಿದೆ. ಆದರೂ ಕಣ್ಣು ಮುಚ್ಚಿದರೆ ಮಂಜು. ಬಹುಶಃ ನಾನೇ ತಂದು ಹಾಕಿಕೊಂಡದ್ದು. ಮಂಜಿದ್ದರೆ ಕಾಣಲಿಲ್ಲ ಎನ್ನಬಹುದಲ್ಲ.

ಈ ಜಿಲ್ಲೆಯಲ್ಲಿ ಯಾರೂ ಕಲಿಸದೆಯೇ ಬರುವ ಒಂದು ಮರ್ಯಾದೆ ಇದೆ. ನಾಲ್ಕು ಜನ ತಮ್ಮ ಮಾತಿನಲ್ಲಿ ಹರಟುತ್ತಿರುವಾಗ ಆ ಮಾತು ಬಾರದವರೊಬ್ಬರು ಬಂದು ಕೂತರೆ ಎಲ್ಲರೂ ಕನ್ನಡಕ್ಕೆ ತಿರುಗುತ್ತಾರೆ. ಬಸ್ಸಿನ ಸೀಟಿನಲ್ಲಿ ಒಂದಿಷ್ಟು ಸರಿದು ಜಾಗ ಕೊಟ್ಟ ಹಾಗೆ. ವಾಕ್ಯದ ಅರ್ಧದಲ್ಲೇ ತಿರುಗುತ್ತಾರೆ, ತಿರುಗಿದ್ದು ಅವರಿಗೂ ಗೊತ್ತಾಗುವುದಿಲ್ಲ. ನಾನು ಬಯಲುಸೀಮೆಯಿಂದ ಮದುವೆಯಾಗಿ ಬಂದವಳು. ನನ್ನ ಅತ್ತೆ ಸಂಪಾಜೆ ಕಡೆಯ ಅರೆಭಾಷೆಯವರು, ಅಮ್ಮತ್ತಿಯಲ್ಲಿ ಮೂವತ್ತು ವರ್ಷ ಅಂಗಡಿ ನಡೆಸಿದವರು. ಎಸ್ಟೇಟಿನಿಂದ ಬರುವ ಒಬ್ಬೊಬ್ಬ ಗಿರಾಕಿಗೂ ಅವರವರ ಮಾತಿನಲ್ಲೇ ಸಾಮಾನು ಕಟ್ಟಿಕೊಟ್ಟವರು. ನಾನು ಅಡುಗೆಮನೆಗೆ ಕಾಲಿಟ್ಟರೆ ಸಾಕು, ಅಲ್ಲಿನ ಅರೆಭಾಷೆ ಕನ್ನಡವಾಗುತ್ತಿತ್ತು. ಹೊಸತರಲ್ಲಿ, ನೀನು ಹೊರಗಿನವಳು ಎಂದು ನೆನಪಿಸುತ್ತಿದ್ದಾರೆ ಅನ್ನಿಸಿ ಮುಖ ಊದಿಸಿಕೊಂಡದ್ದೂ ಉಂಟು. ಅದು ಎಷ್ಟು ದೊಡ್ಡ ಉಪಕಾರವೆಂದು ತಿಳಿಯಲು ಇಷ್ಟು ವರ್ಷ ಬೇಕಾಯಿತು.

ಜೂನ್‌ನಲ್ಲಿ ಒಬ್ಬ ಹುಡುಗಿ ಬಂದು ಸೇರಿದಳು. ಕುಶಾಲನಗರದ ಹತ್ತಿರದ ಹಳ್ಳಿ. ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ನೆಲೆನಿಂತ ಬೇಸಾಯದ ಮನೆ, ಈಗ ಶುಂಠಿ ಮತ್ತು ಜೋಳ ಬೆಳೆಯುತ್ತಾರೆ. ಎಂಟನೇ ತರಗತಿಯವರೆಗೆ ಊರ ಬಳಿಯ ಕನ್ನಡ ಶಾಲೆಯಲ್ಲಿ ಓದಿದ್ದಳು. ಮಡಿಕೇರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತೇನೆಂದು ಹಟ ಹಿಡಿದವಳು ಅವಳೇ. ಸೇರಿಸಲು ಬಂದ ಅಪ್ಪನಿಗೆ ಅದು ಅಷ್ಟು ಒಪ್ಪಿಗೆಯಿರಲಿಲ್ಲ. ಸ್ಟಾಫ್‌ರೂಮಿನ ಹೊಸ್ತಿಲಿನಾಚೆಯೇ ನಿಂತು ನನಗೆ ಹೇಳಿದರು:

“ದಸರಾ ರಜದ್ಗಂಟ ನೋಡ್ತೀನಿ ಮೇಡಂ. ಹೊಂದ್ಕಂಡ್ರೆ ಇರ್ಲಿ. ಇಲ್ದಿದ್ರೆ ಕರ್ಕಂಡೋಗಿ ಊರಲ್ಲೇ ಸೇರುಸ್ತೀನಿ. ನೀವು ಒಸಿ ನೋಡ್ಕಳಿ.”

ನೋಡಿಕೊಳ್ಳುತ್ತೇನೆ ಎಂದೆ.

ಅವಳ ಗಂಟಲು ಹೊಲದಾಚೆಯ ಬದುವಿನಲ್ಲಿ ನಿಂತವರನ್ನು ಕೂಗಿ ಪಳಗಿದ ಗಂಟಲು. ತಾನು ಹೇಳುವ ತಮಾಷೆ ಮುಗಿಯುವ ಮೊದಲೇ ತಾನೇ ನಗುತ್ತಿದ್ದಳು. ಬಂದ ಮೊದಲ ವಾರ ಕಿಟಕಿ ತೋರಿಸಿ, ಈ ಮಂಜನ್ನು ಯಾರಾದರೂ ಬಂದು ಗುಡಿಸಲ್ವಾ ಎಂದು ಕೇಳಿದ್ದಳು. ಇಡೀ ಕ್ಲಾಸು ನಕ್ಕಿತು, ನಾನೂ ನಕ್ಕೆ. ಆ ನಗು ಎಂಥದ್ದಿತ್ತು? ಇವತ್ತು ಅದನ್ನು ಎರಡು ಥರ ಕೇಳಿಸಿಕೊಳ್ಳಬಲ್ಲೆ, ಎರಡೂ ನಿಜವೇ ಅನ್ನಿಸುತ್ತದೆ.

ಜುಲೈನಲ್ಲಿ ನಾನು ಒಂದು ಹೊಸ ಕೆಲಸ ಶುರುಮಾಡಿದೆ. ಶುಕ್ರವಾರದ ಕೊನೆಯ ಪೀರಿಯಡ್ ಮನೆಮಾತಿಗೆ. ಯಾರು ಬೇಕಾದರೂ ಎದ್ದು ತಮ್ಮ ಮನೆಯ ಮಾತಿನಲ್ಲಿ ಒಂದು ಗಾದೆ, ಅಜ್ಜಿ ಬೈಯುವ ರೀತಿ, ಅಡುಗೆಯ ಕ್ರಮ, ಏನಾದರೂ ಹೇಳುವುದು. ಬಾರದವರು ಊಹಿಸುವುದು. ಮುಖ್ಯೋಪಾಧ್ಯಾಯಿನಿಗೆ ತುಂಬ ಖುಷಿಯಾಯಿತು, ಯಾರಾದರೂ ಶಾಲೆ ನೋಡಲು ಬಂದರೆ ಶುಕ್ರವಾರವೇ ಬನ್ನಿ ಎನ್ನತೊಡಗಿದರು. ಕಪ್ಪುಹಲಗೆಯ ಮೂಲೆಯಲ್ಲಿ ಆರು ಮಾತುಗಳ ಹೆಸರು ಬರೆದು, ಅಳಿಸಬೇಡಿ ಎಂದು ಸುತ್ತ ಗೆರೆ ಎಳೆದಿದ್ದೆ. ಕನ್ನಡವನ್ನು ಬರೆದಿರಲಿಲ್ಲ. ಕನ್ನಡ ಎಲ್ಲರದು. ಎಲ್ಲರದಾದದ್ದು ಒಬ್ಬಳ ಮನೆಯದೂ ಆಗಿರಬಹುದು, ಅವಳ ಹತ್ತಿರ ಬೇರೆ ಇನ್ನೇನೂ ಇಲ್ಲದಿರಬಹುದು ಎಂದು ಕನ್ನಡದ ಟೀಚರಿಗೇ ಹೊಳೆಯಲಿಲ್ಲ. ಆ ಹುಡುಗಿ ಒಮ್ಮೆ ಕೈಯೆತ್ತಿ, ನಂದು ಮಿಸ್, ಎಂದು ಕೇಳಿದಳು. ನಾವೆಲ್ಲ ದಿನವೂ ಆಡುವುದು ನಿನ್ನದನ್ನೇ ಅಲ್ಲವೇ, ಕೂತುಕೋ ಎಂದೆ. ಹೀಗೇ ಹೇಳಿದೆನೆಂದು ಖಾತ್ರಿಯಿಲ್ಲ. ಹೇಳಿಲ್ಲವೆಂದು ಹೇಳುವ ಧೈರ್ಯವೂ ಇಲ್ಲ.

ಆಗಸ್ಟ್‌ನಲ್ಲಿ ಅವಳು ಕಿಟಕಿ ಪಕ್ಕದ ಕೊನೆಯ ಬೆಂಚಿಗೆ ಹೋಗಿದ್ದಳು. ಊಟದ ಡಬ್ಬಿಯನ್ನು ಮೆಟ್ಟಿಲಿನ ಮೇಲೆ ಬಿಚ್ಚುತ್ತಿದ್ದಳು. ಕೇಳಿದರೆ, ಇಲ್ಲಿ ಗಾಳಿ ಚೆನ್ನಾಗಿದೆ ಎನ್ನುತ್ತಿದ್ದಳು. ಹುಡುಗಿಯರ ಗುಂಪಿನ ಬಳಿ ಬಂದು ಒಂದು ನಿಮಿಷ ನಿಂತು, ಏನೋ ನೆನಪಾದವಳ ಹಾಗೆ ಹೊರಟುಹೋಗುವುದನ್ನು ಎಷ್ಟೋ ಸಲ ಕಂಡಿದ್ದೆ. ಹಳ್ಳಿಯ ಮಗು, ಸಂಕೋಚ ಎಂದುಕೊಂಡೆ. ಅಷ್ಟು ದೊಡ್ಡ ಗಂಟಲಿನವಳಿಗೆ ಸಂಕೋಚ ಎಲ್ಲಿಂದ ಬಂತೆಂದು ಕೇಳಿಕೊಳ್ಳಲಿಲ್ಲ. ಕ್ಲಾಸ್ ಲೀಡರ್ ಹುಡುಗಿಯನ್ನು ಕರೆದು, ಅವಳನ್ನು ನಿಮ್ಮ ಜೊತೆ ಸೇರಿಸಿಕೋ ಎಂದೆ. ಚುರುಕಾದ, ಅಂದವಾಗಿ ಬರೆಯುವ ಹುಡುಗಿ. ಅವಳ ಮನೆಯ ಮಾತು ಯಾವುದೆಂದು ಹೇಳುವುದಿಲ್ಲ. ಹೇಳಿದರೆ ದೂರು ಆ ಮಾತಿನ ಮೇಲೆ ಬೀಳುತ್ತದೆ. ಸರಿ ಮಿಸ್, ಎಂದಳು.

ಗೊತ್ತಾದದ್ದು ಸೆಪ್ಟೆಂಬರಿನ ಒಂದು ಭಾನುವಾರ, ಮನೆಯಲ್ಲಿ. ಕಾರಿಡಾರಿನಲ್ಲಿ ನಿಂತು ಆ ಸದ್ದನ್ನು ಫೋನಿನಲ್ಲಿ ಹಿಡಿದಿಟ್ಟಿದ್ದೆ, ಮೂರು ನಿಮಿಷದ್ದು. ಗೆಳತಿಯರಿಗೆಲ್ಲ ಕಳಿಸಿ ಮೆಚ್ಚುಗೆ ಪಡೆದಾಗಿತ್ತು. ಅತ್ತೆ ಜಗಲಿಯಲ್ಲಿ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದರು. ಅವರಿಗೆ ಕೇಳಿಸಿದೆ, ಎಷ್ಟು ಭಾಷೆ ಇದೆ ಹೇಳಿ ನೋಡುವಾ ಎಂದು. ಅವರು ತಲೆ ಒಂದು ಕಡೆ ವಾಲಿಸಿ ಕೇಳಿದರು. ಇನ್ನೊಮ್ಮೆ ಹಾಕು ಎಂದರು. ಮೂರನೆಯ ಸಲ ಕೇಳುವಾಗ ಕೈ ನಿಂತಿತ್ತು.

“ಇದು ಮಾತಲ್ಲ,” ಎಂದರು.

ಮತ್ತೆ ಎಂತ ಅತ್ತೆ ಎಂದೆ.

“ಈ ಹುಡುಗಿ ಒಂದರಿಂದ ಇಪ್ಪತ್ತು ಎಣಿಸ್ತಾ ಇದ್ದಾಳೆ. ಮುಗಿದ ಮೇಲೆ ಪುನಃ ಒಂದರಿಂದ. ಇವಳು ತರಕಾರಿ ಹೆಸರು ಹೇಳ್ತಾಳೆ. ಇಲ್ಲಿ ಕೇಳು, ಸೋಮವಾರ, ಮಂಗಳವಾರ. ಯಾರೂ ಯಾರ ಹತ್ರವೂ ಮಾತಾಡ್ತಾ ಇಲ್ಲ. ಸುಮ್ಮನೆ ಬಾಯಿ ಆಡಿಸ್ತಾ ಇದ್ದಾರೆ.”

ಯಾಕೆ ಎಂದು ಕೇಳುವ ಮೊದಲೇ ಅತ್ತೆ ಬೆರಳು ತುಟಿಗಿಟ್ಟು ಕೇಳು ಎಂದರು. ಆ ಸದ್ದಿನ ಅಡಿಯಲ್ಲಿ, ಅಲ್ಲಿಯವರೆಗೆ ನನಗೆ ಒಮ್ಮೆಯೂ ಕೇಳಿಸದಿದ್ದ ಒಂದು ಕನ್ನಡದ ದನಿ ಇತ್ತು. ಏನ್ ಮಾತಾಡ್ತಿದೀರ? ಸ್ವಲ್ಪ ಬಿಟ್ಟು ಮತ್ತೆ, ಏನು? ಎಣಿಕೆ ನಿಲ್ಲುವುದಿಲ್ಲ. ಇನ್ನೊಮ್ಮೆ, ನಗುತ್ತ, ನಂಗೂ ಹೇಳ್ರೇ. ತರಕಾರಿ ಮುಂದುವರಿಯುತ್ತದೆ. ಆಮೇಲೆ ಚಪ್ಪಲಿಯ ಸದ್ದು, ದೂರ ಹೋಗುವುದು. ಕೊನೆಗೆ ಫೋನಿಗೆ ತೀರ ಹತ್ತಿರದಲ್ಲಿ ನನ್ನ ದನಿ. ಎಷ್ಟು ಚೆನ್ನಾಗಿದೆ, ಎನ್ನುತ್ತದೆ.

ಸೋಮವಾರ ಲೀಡರನ್ನು ಲೈಬ್ರರಿಗೆ ಕರೆದೆ. ಬೈಯುವುದಕ್ಕೆ ವಾಕ್ಯ ಜೋಡಿಸಿಕೊಂಡು ಹೋಗಿದ್ದೆ. ಅವಳು ಕೈಕಟ್ಟಿ ನೆಟ್ಟಗೆ ನಿಂತಳು.

“ನಾವು ಅವಳಿಗೆ ಏನೂ ಹೇಳಿಲ್ಲ ಮಿಸ್.”

ಅದೇ ತಪ್ಪು ಎಂದೆ.

“ಬೈದಿಲ್ಲ. ಅಡ್ಡಹೆಸರು ಇಟ್ಟಿಲ್ಲ. ಅವಳ ಬ್ಯಾಗ್ ಸಹ ಮುಟ್ಟಿಲ್ಲ, ಬೇಕಾದ್ರೆ ಕೇಳಿ. ಮನೆಮಾತಲ್ಲಿ ಮಾತಾಡಿ ಅಂತ ನೀವೇ ಅಲ್ವ ಹೇಳಿದ್ದು?” ಆಮೇಲೆ ಕಟ್ಟಿದ ಕೈ ಬಿಚ್ಚಿ, ಈಗ ಲೀಡರಿನ ದನಿಯಲ್ಲಿ ಅಲ್ಲ, “ಅವಳೊಬ್ಬಳು ಬಂದು ನಿಂತ್ರೆ ನಾವು ಐದು ಜನ ಬದಲಾಗ್ಬೇಕು. ಯಾವಾಗ್ಲೂ ನಾವೇ ಯಾಕೆ ಮಿಸ್?”

ಈ ಪ್ರಶ್ನೆ ಇವತ್ತಿಗೂ ನನ್ನ ಬೆನ್ನು ಬಿಟ್ಟಿಲ್ಲ. ಆದರೆ ಉಳಿದದ್ದನ್ನು ಅವಳು ತಾನಾಗಿಯೇ ಹೇಳಿದಳು. ಅದೊಂದು ಆಟ. ಆ ಹುಡುಗಿ ಹತ್ತಿರ ಬಂದಾಗ ಯಾರು ಮೊದಲು ಕನ್ನಡಕ್ಕೆ ತಿರುಗುತ್ತಾರೋ ಅವರು ಸೋತ ಹಾಗೆ. ಮರುದಿನದಿಂದ ಸೋತವರು ಬಂದರೂ ಯಾರೂ ಕನ್ನಡಕ್ಕೆ ತಿರುಗುವುದಿಲ್ಲ. ಮಾತಾಡಲು ನಿಜವಾದ ಮಾತು ಸಿಗದಿದ್ದರೆ ಎಣಿಸುವುದು.

ಯಾಕೆ ಹೀಗಾಯಿತೆಂದು ಆ ವಾರವೆಲ್ಲ ಕಾರಣ ಹುಡುಕಿದೆ. ಸಿಕ್ಕವು. ಅದೇ ತೊಂದರೆ, ಹುಡುಕಿದರೆ ಸಿಗುತ್ತವೆ. ಲೀಡರಿನ ಅಪ್ಪ ಅಮ್ಮ ಪೋಷಕರ ಸಭೆಗೆ ಜೊತೆಯಾಗಿಯೇ ಬಂದಿದ್ದರು, ಅಕ್ಕಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ಆದರೂ, ನಾಳೆ ಕಾರು ಬೇಕು ಅಂತ ಅಮ್ಮನಿಗೆ ಹೇಳು, ಎಂದು ಅಪ್ಪ ಮಗಳಿಗೆ ಹೇಳಿದ್ದರು. ಮಗಳು ತಲೆಯನ್ನು ಒಂದು ಗೇಣು ಆ ಕಡೆ ತಿರುಗಿಸಿ ಅದನ್ನೇ ಹೇಳಿದ್ದಳು. ಮಾತು ಕೊಡದೆ ಇರುವುದರಿಂದ ಏನೇನು ಮಾಡಬಹುದೆಂದು ಆ ಮನೆಯಲ್ಲಿ ಅವಳು ದಿನವೂ ನೋಡುತ್ತಿದ್ದಳು. ಇದನ್ನೇ ಕಾರಣವೆಂದು ಬರೆದಿಟ್ಟು, ಆಮೇಲೆ ಹೊಡೆದುಹಾಕಿದೆ. ಅಂಥ ಮನೆಯಿಂದ ಬಂದ ಇನ್ನೊಂದು ಮಗು ಅದೇ ಕ್ಲಾಸಿನಲ್ಲಿತ್ತು, ಅದು ಯಾರಿಗೂ ಏನೂ ಮಾಡಿರಲಿಲ್ಲ.

ಸುಂಟಿಕೊಪ್ಪದಿಂದ ಬಸ್ಸಿನಲ್ಲಿ ಬರುವ ಒಬ್ಬ ಸಣ್ಣಕಾಯದ ಹುಡುಗಿಯೂ ಆ ಐವರಲ್ಲಿದ್ದಳು. ಹಿಂದಿನ ವರ್ಷ ಅವಳು ಬಸ್ಸಿನಲ್ಲಿ ಬಾಯಿ ತೆರೆದು ನಿದ್ದೆ ಮಾಡಿದ್ದನ್ನು ಯಾರೋ ಫೋಟೊ ತೆಗೆದು, ವಾಟ್ಸ್ಆ್ಯಪ್ ಸ್ಟಿಕ್ಕರ್ ಮಾಡಿದ್ದರು. ಕ್ಲಾಸಿನ ಗುಂಪಿನಲ್ಲಿ ಗುಡ್ ಮಾರ್ನಿಂಗಿಗೂ ಅದೇ, ಹ್ಯಾಪಿ ಬರ್ತ್‌ಡೇಗೂ ಅದೇ. ಅವಳೂ ಅದನ್ನೇ ಕಳಿಸಿ ನಗುತ್ತಿದ್ದಳು. ಈ ವರ್ಷ ಒಂದರಿಂದ ಇಪ್ಪತ್ತು ಎಲ್ಲರಿಗಿಂತ ಜೋರಾಗಿ ಎಣಿಸುತ್ತಿದ್ದವಳು ಅವಳು. ಹೊಸಬಳೊಬ್ಬಳು ಬಂದ ಮೇಲೆ ಆ ಸ್ಟಿಕ್ಕರ್ ನಿಂತುಹೋಗಿತ್ತು. ಇನ್ನು, ಆಟಕ್ಕೆ ಬೇಕಾದ ಸಾಮಾನು ಕೊಟ್ಟು ಗೆರೆ ಎಳೆದವಳು, ಬಾಗಿಲಾಚೆ ನಿಂತು ಸಂಗೀತ ಕೇಳಿದವಳು ನಾನು. ಕಾರಣಗಳಲ್ಲಿ ಇದೊಂದನ್ನು ಮಾತ್ರ ಹೊಡೆದುಹಾಕಲು ಆಗಲಿಲ್ಲ.

ಆ ಹುಡುಗಿಯನ್ನು ಮೆಟ್ಟಿಲಿನ ಬಳಿ ಕಂಡೆ. ಗೊತ್ತಾಯಿತು ಎಂದೆ. ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಅಳುತ್ತಾಳೆಂದು ಕಾದೆ. ಅವಳು ಹೆದರಿದ್ದು ಬೇರೆ ವಿಷಯಕ್ಕೆ.

“ಅಪ್ಪಂಗೆ ಹೇಳ್ಬೇಡಿ ಮಿಸ್. ಕರ್ಕಂಡೋಗ್ಬುಡ್ತಾರೆ.”

ಹೀಗೆ ಎಷ್ಟು ದಿನ ಇರ್ತೀಯ ಎಂದು ಕೇಳಿದೆ.

“ಅವ್ರು ಮಾತಾಡ್ದಿದ್ರೆ ಬುಡಿ. ಪಾಠ ಕೇಳುಸ್ತದಲ್ಲ.” ಆಮೇಲೆ ನನ್ನನ್ನು ಸಮಾಧಾನ ಮಾಡುವವಳಂತೆ, “ನಂಗೂ ಎಣ್ಸಕ್ಕೆ ಬತ್ತದೆ ಈಗ. ಮೂರು ಭಾಷೇಲಿ. ದಿನಾ ಅದನ್ನೇ ಹೇಳುದ್ರೆ ಇನ್ನೇನಾಯ್ತದೆ?” ಎಂದಳು.

ದಸರಾ ರಜಕ್ಕೆ ಎರಡೇ ವಾರವಿತ್ತು. ರಜದ ಹಿಂದಿನ ದಿನ ಅವಳ ಅಪ್ಪ ಬರುತ್ತಾರೆ, ಕೇಳುತ್ತಾರೆ. ಹೇಳುವುದಿಲ್ಲವೆಂದು ಮಾತು ಕೊಡಲಿಲ್ಲ. ಹೇಳುತ್ತೇನೆಂದೂ ಅನ್ನಲಿಲ್ಲ. ಐವರನ್ನು ಮುಖ್ಯೋಪಾಧ್ಯಾಯಿನಿಯ ಮುಂದೆ ನಿಲ್ಲಿಸಿ ಕ್ಷಮೆ ಕೇಳಿಸಬಹುದಿತ್ತು. ಕೇಳುತ್ತಿದ್ದರು, ಅಚ್ಚುಕಟ್ಟಾದ ಕನ್ನಡದಲ್ಲಿ. ಮರುದಿನದಿಂದ ಇನ್ನೂ ಮೆಲ್ಲಗೆ ಎಣಿಸುತ್ತಿದ್ದರು.

ಮುಂದಿನ ಶುಕ್ರವಾರ ಕೊನೆಯ ಪೀರಿಯಡ್‌ಗೆ ಹೋಗಿ, ಹಲಗೆಯ ಮೂಲೆಯ ಆರು ಹೆಸರುಗಳ ಕೆಳಗೆ ಕನ್ನಡ ಎಂದು ಬರೆದೆ. ಗೆರೆಯೊಳಗೆ ಜಾಗವಿರಲಿಲ್ಲ, ಅಕ್ಷರ ಹೊರಗೆ ಬಂತು. ಒಂದನ್ನು ಬಿಟ್ಟಿದ್ದೆ, ತಪ್ಪು ನನ್ನದು ಎಂದೆ. ಅಷ್ಟೇ ಹೇಳಿ, ಕೊನೆಯ ಬೆಂಚಿನ ಕಡೆ ನೋಡಿದೆ.

ಅವಳು ಎದ್ದಳು. ಮೊದಲು ಪಾಠ ಒಪ್ಪಿಸುವ ಕನ್ನಡದಲ್ಲಿ ಶುರುಮಾಡಿ, ಎರಡನೆಯ ವಾಕ್ಯಕ್ಕೆ ಅದನ್ನು ಬಿಟ್ಟಳು. ಅವರ ಮನೆಯಲ್ಲಿ ಒಂದು ಎಮ್ಮೆ. ಅಜ್ಜಿ ಬಿಟ್ಟು ಬೇರೆ ಯಾರು ಹೋದರೂ ಹಾಲು ಕೊಡುವುದಿಲ್ಲ. ಅಜ್ಜಿ ಮದುವೆಗೆಂದು ಶನಿವಾರಸಂತೆಯ ಕಡೆ ಹೋಗಿ ಎರಡು ದಿನ ಬರಲಿಲ್ಲ. ಎಮ್ಮೆ ಕೆಚ್ಚಲು ಬಿಗಿದುಕೊಂಡು ಒದರುತ್ತ ನಿಂತಿತು. ಅಪ್ಪ ಹಿಂಡಿ ಇಟ್ಟರು, ಬೆನ್ನು ಸವರಿದರು, ಬೈದರು. ಕೊನೆಗೆ ಒಳಗೆ ಹೋಗಿ ಅಜ್ಜಿಯ ಹಸಿರು ಸೀರೆ ಸುತ್ತಿಕೊಂಡು, ತಲೆ ಮೇಲೆ ಸೆರಗು ಎಳೆದುಕೊಂಡು, ಅಜ್ಜಿಯ ಹಾಗೆ ಕೆಮ್ಮುತ್ತ ಕೊಟ್ಟಿಗೆಗೆ ಬಂದರು.

“ಎಮ್ಮೆ ತಿರುಗಿ ನೋಡ್ತು. ಮ್ಯಾಲಿಂದ ಕೆಳಗ್ಗಂಟ ನೋಡ್ತು. ಮೀಸೆ ಹತ್ರ ಬಂದು ಒಸಿ ನಿಲ್ತು. ಆಮೇಲೆ, ಹೋಗ್ಲಿ ಪಾಪ ಅಂತ ಸೊರೆ ಬುಡ್ತು.”

ಲೀಡರು ಪುಸ್ತಕದ ಅಂಚನ್ನು ನೋಡುತ್ತಿದ್ದಳು. ಆಗ ಮುಂದಿನ ಸಾಲಿನಿಂದ ಸುಂಟಿಕೊಪ್ಪದ ಹುಡುಗಿ ಪೂರ್ತಿ ಹಿಂದಕ್ಕೆ ತಿರುಗಿದಳು.

“ಸೊರೆ ಬಿಡೋದು ಅಂದ್ರೆ ಎಂತದು?”

“ಹಾಲು ಕೆಳಗೆ ಇಳ್ಸದು ಕಣೆ. ಮನ್ಸು ಬಂದ್ರೆ ಮಾತ್ರ ಇಳುಸ್ತದೆ.”

“ಮತ್ತೆ ಗೊತ್ತಾಗ್ಲಿಲ್ವ ಎಮ್ಮೆಗೆ, ನಿನ್ನ ಅಪ್ಪ ಅಂತ?”

“ಗೊತ್ತಾಗ್ದೆ ಏನು. ಅದುಕ್ಕೂ ಕೆಚ್ಚಲು ನೋಯ್ತಿತ್ತಲ್ಲ.”

ನಗು ಎಲ್ಲಿಂದ ಶುರುವಾಯಿತೋ ತಿಳಿಯಲಿಲ್ಲ. ಬಿಸಿ ಹಾಲು ಉಕ್ಕಿದ ಹಾಗೆ ಕೋಣೆ ತುಂಬಿತು. ಇಲ್ಲಿ ನಿಲ್ಲಿಸಿದರೆ ಚೆನ್ನಾಗಿರುತ್ತಿತ್ತು. ನೆನಪು ಇಲ್ಲಿಯೇ ನಿಲ್ಲಲು ನೋಡುತ್ತದೆ. ಆದರೆ ಸೋಮವಾರ ಊಟದ ಬಿಡುವಿನಲ್ಲಿ ಎಣಿಕೆ ಮತ್ತೆ ಕೇಳಿಸಿತು, ಐದರ ಬದಲು ನಾಲ್ಕು ಗಂಟಲಲ್ಲಿ. ಸುಂಟಿಕೊಪ್ಪದ ಹುಡುಗಿ ಎಲ್ಲಿ ಎಂದು ನೋಡಿದೆ. ಮೆಟ್ಟಿಲಿನ ಮೇಲೆ ಕೂತಿದ್ದಳು, ಆ ಹುಡುಗಿಗಿಂತ ಎರಡು ಮೆಟ್ಟಿಲು ಕೆಳಗೆ. ಅವಳು ತಾನಾಗಿ ಬಂದು ಕೂತದ್ದೋ, ಆಟದಲ್ಲಿ ಸೋತು ಹೊರಬಿದ್ದದ್ದೋ ನಾನು ಕೇಳಲಿಲ್ಲ.

ರಜದ ಹಿಂದಿನ ದಿನ ಮಧ್ಯಾಹ್ನ ಅಪ್ಪ ಬಂದರು. ಕಾರಿಡಾರಿನಲ್ಲಿ ಅವರು ನಡೆದು ಬರುವಾಗ ಒಂಬತ್ತನೇ ತರಗತಿಯ ಕಿಟಕಿಗಳಲ್ಲಿ ತಲೆಗಳು ಕಂಡವು. ಆಮೇಲೆ ನಗು. ದಪ್ಪ ಮೀಸೆಯ, ಇಸ್ತ್ರಿ ಹಾಕಿದ ಅಂಗಿಯ ಆ ಮನುಷ್ಯ ತಿರುಗಿ ನೋಡಿದರು. ಆ ನಗು ಯಾವುದೆಂದು ಈ ಸಲ ನನಗೆ ತಿಳಿಯಲೇಬೇಕಿತ್ತು. ತಿಳಿಯಲಿಲ್ಲ.

ಮಗಳನ್ನು ಕರೆಸಿದೆ. ಅವಳು ಬಂದು ಅಪ್ಪನ ಪಕ್ಕ ನಿಂತು ನನ್ನ ಮುಖವನ್ನೇ ನೋಡಿದಳು. ಅಪ್ಪ ಬೇರೆ ಮಾತಿಲ್ಲದೆ ನೇರವಾಗಿ ಕೇಳಿದರು.

“ಹೊಂದ್ಕಂಡ್ಳಾ ಮೇಡಂ?”

ಸುಳ್ಳೊಂದು ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು, ನಿಜವೂ ಅದರ ಹಿಂದೆಯೇ ನಿಂತಿತ್ತು. ನಿಜ ಹೇಳಿದರೆ ನನ್ನ ಎದೆ ಹಗುರಾಗುತ್ತದೆ, ಅವಳ ಶಾಲೆ ಹೋಗುತ್ತದೆ. ಸುಳ್ಳು ಹೇಳಿದರೆ ಅವಳ ಮೆಟ್ಟಿಲು ಹಾಗೇ ಉಳಿಯುತ್ತದೆ. ಈ ಎರಡೂ ನನ್ನವಲ್ಲ ಅನ್ನಿಸಿತು. ಅವಳನ್ನೇ ಕೇಳಿ ಎಂದೆ.

ಅಪ್ಪ ಅವಳ ಕಡೆ ತಿರುಗಿದರು. “ಯಾಕ್ ನಗ್ತಾವೆ ಆ ಮಕ್ಳು ನನ್ ನೋಡಿ?”

“ಎಮ್ಮೆ ವಿಷ್ಯ ಹೇಳ್ಬುಟ್ಟ್ನಪ್ಪ.”

“ಸೀರೆದೂ?”

“ಹೂಂ.”

ಅವರು ಮೀಸೆಯ ಮೇಲೆ ಕೈಯಾಡಿಸಿಕೊಂಡರು. ಕಿವಿ ಕೆಂಪಾಗಿತ್ತು. “ಎಲ್ರೂ ಕೇಳುದ್ರಾ?”

“ಕೇಳುದ್ರು. ಮಾತಾಡಿದ್ದು ಒಬ್ಳೇ.” ಅವಳು ಒಂದು ಕ್ಷಣ ನನ್ನನ್ನು ನೋಡಿ, ಮತ್ತೆ ಅಪ್ಪನನ್ನು ನೋಡಿದಳು. “ಇನ್ನು ನಾಕ್ ಜನ ಮಾತಾಡಲ್ಲ ಅಪ್ಪ. ಬೇಕಂತ್ಲೇ ಮಾತಾಡಲ್ಲ. ಆದ್ರೆ ನಾನು ಬರಲ್ಲ ಊರಿಗೆ.”

ಹೇಳಬೇಡಿ ಎಂದು ನನ್ನನ್ನು ಕೇಳಿದವಳು ತಾನೇ ಹೇಳಿದ್ದಳು. ಅಪ್ಪ ನನ್ನನ್ನು ಬೈಯಲಿ ಎಂದು ಕಾದೆ, ನನ್ನ ಪಾಲಿನದನ್ನು ಹೇಳಲು ಬಾಯಿ ತೆರೆದೆ, ಶುಕ್ರವಾರದ ಪೀರಿಯಡ್, ಹಲಗೆ, ಎಂದು ಶುರುವೂ ಮಾಡಿದೆ. ಅವರು ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಮಗಳ ತೋಳನ್ನು ನೋಡುತ್ತಿದ್ದರು. ಜೂನ್‌ನಿಂದ ಅವಳು ಚಿಕ್ಕಮ್ಮನ ಮಗನ ಹಳೆಯ ಕಂದು ಸ್ವೆಟರ್ ಹಾಕಿಕೊಂಡೇ ಬರುತ್ತಿದ್ದಳು. ವಾಪಸ್ ಹೋಗುವವಳಿಗೆ ಯೂನಿಫಾರ್ಮಿನದು ಯಾಕೆಂದು ಅಪ್ಪ ಕೊಡಿಸಿರಲಿಲ್ಲ. ಅದರ ತೋಳು ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲಕ್ಕೆ ಹೋಗಿತ್ತು.

“ಇಲ್ಲಿ ಸ್ಕೂಲ್ ಸ್ವೆಟರ್ ಎಲ್ ಸಿಗ್ತದೆ ಮೇಡಂ?” ಎಂದರು.

ಬಸ್‌ಸ್ಟ್ಯಾಂಡಿನ ಮೇಲಿನ ರಸ್ತೆಯ ಅಂಗಡಿ ಹೇಳಿದೆ. ಅವಳು ಆಗಲೇ ಬ್ಯಾಗು ತರಲು ಓಡಿದ್ದಳು. ಅಪ್ಪ ಬಾಗಿಲಲ್ಲಿ ನಿಂತು ಅವಳ ಹಿಂದೆ ಕೂಗಿದರು. ಅದೇ ಗಂಟಲು.

“ಅಳತೆದು ಬ್ಯಾಡ. ಒಸಿ ದೊಡ್ಡದೇ ತಗಳಣ, ಬರೋ ವರ್ಷುಕ್ಕೂ ಆಯ್ತದೆ.”